ಟ್ರ್ಯಾಕ್ಟರಿನ ಹಿಂದೆ ಹನ್ನೊಂದು ಕಾರು

ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕೊರಳಲ್ಲಿ ಸೀಟಿ ನೇತಾಡುತ್ತಿದೆ. ನೂರು ಮೀಟರ್, ನಾನೂರು ಮೀಟರ್, ಗೋಣಿಚೀಲದ ಓಟ, ಲಿಂಬೆಹಣ್ಣು ಚಮಚದ ಓಟ, ನಾನು ಸೀಟಿ ಊದಿ ಬಿಡದ ಓಟವೇ ಇಲ್ಲ. ಸೀಟಿಗಿಂತ ಮೊದಲು ಕಾಲು ಕಿತ್ತ ಹುಡುಗನ ಹೆಬ್ಬೆರಳನ್ನು ಐವತ್ತು ಹೆಜ್ಜೆ ದೂರದಿಂದ ಗುರುತು ಹಿಡಿಯಬಲ್ಲೆ. ಹಾಗಾಗಿ ಸಿಂಧನೂರಿನ ಗ್ಯಾರೇಜಿನ ಖಾದರ್ ಭಾಯಿ ಮನೆಗೆ ಬಂದು, "ಸರ್, ಈ ಸಲ ನಮ್ಮ ಕಾರ್ ರೇಸಿನ ಸ್ಟಾರ್ಟಿಂಗ್ ಬಂದೋಬಸ್ತ್ ನೀವ ಮಾಡಬೇಕ್ರಿ" ಎಂದಾಗ ಚಹಾದ ಕಪ್ಪು ಕೆಳಗಿಡುವ ಮೊದಲೇ ಒಪ್ಪಿಕೊಂಡೆ. ಓಡುವುದು ಹುಡುಗರಾದರೇನು, ಕಾರಾದರೇನು? ಸೀಟಿ ಅದೇ!

ನನಗೆ ಕಾರು ಓಡಿಸಲು ಬರುವುದಿಲ್ಲ ಎಂಬ ಸಣ್ಣ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನನ್ನ ಹೆಂಡತಿ ಮಹಾದೇವಿ. ಪಾಮನಕಲ್ಲೂರಿನ ಒಕ್ಕಲುತನದ ಮನೆಯ ಮಗಳು, ಈಗ ಸಂತೆಕಲ್ಲೂರಿನಲ್ಲಿ ಟೀಚರು. ದಿನಾ ಬೆಳಿಗ್ಗೆ ಬಿಳಿಯ ಹಳೇ ಕಾರಿನಲ್ಲಿ ಹೋಗಿ ಸಂಜೆ ಬರುತ್ತಾಳೆ. ನಾನು ಪಕ್ಕದಲ್ಲಿ ಕುಳಿತರೆ ನನ್ನ ಕೆಲಸ ಒಂದೇ, ಬ್ರೇಕು ಇಲ್ಲದ ಕಡೆ ಕಾಲು ಒತ್ತುವುದು.

ಖಾದರ್ ಭಾಯಿಯ ರೇಸು ವೇಗದ್ದಲ್ಲ, ಬಾಳಿಕೆಯದು. ಮಾರಲು ಹೋದರೆ ಯಾರೂ ಮುಟ್ಟದಂಥ ಹಳೆಯ ಕಾರುಗಳು ನಾಲ್ಕು ತಾಸು ಸುತ್ತು ಹೊಡೆಯಬೇಕು. ಕಾರಿಗೆ ಇಬ್ಬರು ಡ್ರೈವರು, ಎರಡೆರಡು ತಾಸಿನ ಪಾಳಿ. ಹೆಲ್ಮೆಟ್ಟು, ಬೆಲ್ಟು ಕಡ್ಡಾಯ. ಯಾರು ಹೆಚ್ಚು ಸುತ್ತು ಹಾಕಿದರೋ ಅವರಿಗೆ ಒಂದು ಶಾಲು, ಒಂದು ಸ್ಟೀಲಿನ ಕೊಡ. ಒಬ್ಬರ ಕಾರಿನ ಸುತ್ತನ್ನು ಇನ್ನೊಬ್ಬರ ಮನೆಯವರು ಎಣಿಸಬೇಕು, ಅದೇ ನಮ್ಮ ಕಂಪ್ಯೂಟರು. ರೇಸು ನಡೆಯುವುದು ಸಂತೆಕಲ್ಲೂರಿನ ಶರಣೇಗೌಡರ ಹೊಲದಲ್ಲಿ. ಜೋಳ ಕೊಯ್ದಾದ ಮೇಲೆ ಗೌಡರು ಹೊಲ ಬಿಟ್ಟುಕೊಡುತ್ತಾರೆ, ಸುತ್ತಲೂ ಒಣ ದಂಟಿನ ಕಟ್ಟುಗಳನ್ನು, ಅಂದರೆ ಕಣಿಕೆಯ ಸಿವುಡುಗಳನ್ನು, ಒಟ್ಟಿದರೆ ಅದೇ ಟ್ರ್ಯಾಕು. ಗೌಡರೂ ತಮ್ಮ ಅಂಬಾಸಿಡರ್ ಕಾರಿನೊಂದಿಗೆ ರೇಸಿಗೆ ಇಳಿಯುತ್ತಾರೆ.

ಕಳೆದ ವರ್ಷ ಇಲ್ಲೊಂದು ಅನಾಹುತ ಆಗಿತ್ತು. ಎಲ್ಲ ಕಾರುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾರೋ ಸೀಟಿ ಊದಿದ್ದರು. ಎಲ್ಲರೂ ಒಮ್ಮೆಲೇ ಮೊದಲ ತಿರುವಿಗೆ ನುಗ್ಗಿದರು, ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬಾಗಿಲಿಗೆ ನುಗ್ಗಿದ ಹಾಗೆ. ನಾಲ್ಕು ಕಾರುಗಳ ಮೂತಿ ಮುರಿಯಿತು. ಅಂಬಾಸಿಡರಿನ ಒಂದು ಕಣ್ಣು ಹೋಯಿತು. ಖಾದರ್ ಭಾಯಿಯ ಕೈಗೆ ಒಂದೂವರೆ ತಿಂಗಳು ಪ್ಲಾಸ್ಟರು. ಗೌಡರು ಅಂದೇ ಹುಕುಂ ಹೊರಡಿಸಿದ್ದರು: "ಮುಂದಿನ ಸಲ ಸ್ಟಾರ್ಟಿಂಗಿನ್ಯಾಗ ಯಾರಿಗಾದ್ರೂ ಒಂದು ಗೀರು ಬಿತ್ತಂದ್ರ, ಈ ಹೊಲಕ್ಕ ತಂತಿ ಬೇಲಿ ಹಾಕಸ್ತೀನಿ. ಆಟ ಅಲ್ಲಿಗಿ ಖತಂ."

ಅಂದು ಬದುವಿನ ಮೇಲೆ ನಿಂತು ನೋಡಿದ್ದ ಮಹಾದೇವಿ ಈ ವರ್ಷ ಅದೇ ಬಿಳಿಯ ಕಾರಿನೊಂದಿಗೆ ತಾನೂ ಹೆಸರು ಕೊಟ್ಟಿದ್ದಳು, ತಂಗಿ ನಾಗರತ್ನಳ ಜೋಡಿ. ವರ್ಷವಿಡೀ ಅಕ್ಕತಂಗಿಯರು ಟೈರು ಬಿಚ್ಚುವುದು, ಪ್ಲಗ್ಗು ತೊಳೆಯುವುದು ಕಲಿತಿದ್ದರು. ಸ್ಟಾರ್ಟಿಂಗ್ ನನ್ನದೆಂದು ಕೇಳಿ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ರೀ, ಒಂದು ವರ್ಷದಿಂದ ಕಾಯಾಕತ್ತೀನಿ. ನಿಮ್ಮ ಸೀಟಿಯಿಂದ ನನ್ನ ರೇಸ್ ಕೆಡಬಾರದು ನೋಡ್ರಿ."

"ನನ್ನ ಸೀಟಿಯಿಂದ ಇವತ್ತಿನ ತನಕ ಏನರ ಕೆಟ್ಟೈತೇನು?"

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ರೊಟ್ಟಿಯ ಮೇಲೆ ಬಿದ್ದ ಏಟು ಮಾತ್ರ ಸ್ವಲ್ಪ ಜೋರಾಗಿತ್ತು.

ಮುಂದಿನ ಭಾನುವಾರ ಖಾದರ್ ಭಾಯಿಯ ಗ್ಯಾರೇಜಿನಲ್ಲಿ ಸಭೆ. ಹನ್ನೊಂದು ಕಾರಿನವರೂ ಹಳೇ ಟೈರುಗಳ ಮೇಲೆ ಆಸೀನರಾಗಿದ್ದರು. ನಾನು ಹದಿನಾಲ್ಕು ನಿಯಮಗಳನ್ನು ಬರೆದುಕೊಂಡು ಹೋಗಿದ್ದೆ. "ಸ್ಪರ್ಧಾಳುಗಳು ತೀರ್ಪುಗಾರರೊಂದಿಗೆ ವಾದಿಸತಕ್ಕದ್ದಲ್ಲ" ಎಂಬ ಒಂಬತ್ತನೆಯ ನಿಯಮವನ್ನು ಎರಡು ಸಲ ಓದಿದೆ. ಆಮೇಲೆ ಮುಖ್ಯ ವಿಷಯ, ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ? ನ್ಯಾಯವಾಗಿರಲೆಂದು ಚೀಟಿ ಬರೆದು, ಹೆಲ್ಮೆಟ್ಟಿನಲ್ಲಿ ಹಾಕಿ, ಕುಲುಕಿ, ಖಾದರ್ ಭಾಯಿಯ ಕೈಯಿಂದಲೇ ಎತ್ತಿಸಿದೆ. ಮೊದಲ ಚೀಟಿ ಬಿಚ್ಚಿದರೆ ಮಹಾದೇವಿಯ ಹೆಸರು!

ಎಲ್ಲರೂ ನನ್ನ ಕಡೆ ತಿರುಗಿದರು. ಗೌಡರು ಮೀಸೆ ಸವರಿದರು. "ಮಾಸ್ತರ್ರು ಚೀಟಿ ಮಡಚೋವಾಗನ ನನಗ ಅನುಮಾನ ಬಂದಿತ್ತು ಬಿಡ್ರಿ."

ಮಹಾದೇವಿಯ ಮುಖ ಕೆಂಪಾಯಿತು. ಎದ್ದು ನಿಂತಳು. "ನನಗ ಮುಂದಿನ ಜಾಗ ಬ್ಯಾಡ್ರಿ. ಎಲ್ಲಾರ್ಕಿಂತ ಹಿಂದ ನಿಂದರ್ತೀನಿ. ನಾಕು ತಾಸಿನ ಆಟ ಇದು. ಮೊದಲಿನ ಎಲ್ಡು ನಿಮಿಷಕ್ಕ ಯಾಕ ಬಡದಾಡ್ತೀರಿ?"

ಎಂಥ ಮಾತು! ಅರ್ಧ ನಿಮಿಷ ಎಲ್ಲರೂ ತಲೆ ತಗ್ಗಿಸಿ ಯೋಚಿಸಿದರು. ಆಮೇಲೆ ಗೌಡರು ತಲೆಯೆತ್ತಿದರು.

"ಹಿಂದ ಏನೋ ಲಾಭ ಐತಿ. ಇಲ್ಲಂದ್ರ ಮಾಸ್ತರ್ ಮನಿಯವ್ರು ಯಾಕ ಕೇಳ್ತಾರ? ನನಗೂ ಹಿಂದಿನ ಜಾಗನ ಬೇಕು!"

ಅಲ್ಲಿಗೆ ಎಲ್ಲರಿಗೂ ಹಿಂದಿನ ಜಾಗವೇ ಬೇಕಾಯಿತು. ಕೊನೆಯ ಸ್ಥಾನಕ್ಕಾಗಿ ಜನ ಬಡಿದಾಡುವುದನ್ನು ನನ್ನ ಸರ್ವೀಸಿನಲ್ಲಿ ಅದೇ ಮೊದಲ ಸಲ ನೋಡಿದ್ದು. ಚೀಟಿಗಳನ್ನು ರದ್ದುಪಡಿಸಿ, ಮಹಾದೇವಿ ಎಲ್ಲರಿಗಿಂತ ಹಿಂದೆ ಎಂದು ಬರೆದುಕೊಂಡು, ಉಳಿದವರಿಗೆ "ಅಂದು ಬೆಳಿಗ್ಗೆ ಮೊದಲು ಬಂದವರಿಗೆ ಮೊದಲ ಜಾಗ" ಎಂದು ತೀರ್ಪು ಕೊಟ್ಟೆ.

ಜಾಗವೇನೋ ಆಯಿತು. ಆದರೆ ಮೊದಲ ತಿರುವಿನ ನೂಕುನುಗ್ಗಲಿಗೆ ಏನು ಮಾಡುವುದು? ಅದಕ್ಕೆ ಖಾದರ್ ಭಾಯಿಯೇ ದಾರಿ ತೋರಿಸಿದ. "ಸರ್, ಲಗ್ನದ ಮೆರವಣಿಗಿ ನೋಡೀರಿಲ್ಲೋ? ಇನ್ನೂರು ಮಂದಿ ಹೋಗ್ತಾರ, ಒಬ್ಬರಿಗಾದ್ರೂ ಪೆಟ್ಟಾಗ್ತದೇನು? ಮುಂದ ಬ್ಯಾಂಡಿನವ್ರು ನಿಧಾನ ಇರ್ತಾರ, ಅದಕ್ಕ. ನಾವೂ ಮುಂದೊಂದು ಟ್ರ್ಯಾಕ್ಟರ್ ಬಿಡೋಣು. ಎಲ್ಲಾರೂ ಅದರ ಹಿಂದ ಸಾವಕಾಶ ಎಲ್ಡು ಸುತ್ತು ಬರ್ಲಿ. ಸಾಲು ಉದ್ದ ಆಗಿ, ಕಾರಿಗೂ ಕಾರಿಗೂ ನಡುವ ಜಾಗ ಆದ ಮ್ಯಾಲ ಟ್ರ್ಯಾಕ್ಟರ್ ಪಕ್ಕಕ್ಕ ಸರಿತದ. ನೀವು ಹಸಿರು ಧ್ವಜ ತೋರಸ್ರಿ."

ನನಗೆ ಬಹಳ ಹಿಡಿಸಿತು. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಧ್ವಜ ಹಿಡಿದು ನಿಂತ ನನ್ನ ಚಿತ್ರ ಕಣ್ಣಮುಂದೆ ಬಂದಿತ್ತು. ತಕ್ಷಣ ಹದಿನೈದನೆಯ ನಿಯಮ ಬರೆದೆ: "ಯಾವುದೇ ಸಂದರ್ಭದಲ್ಲಿ, ಯಾವುದೇ ವ್ಯಕ್ತಿಯು ಟ್ರ್ಯಾಕ್ಟರನ್ನು ಹಿಂದೆ ಹಾಕತಕ್ಕದ್ದಲ್ಲ." ಕೆಳಗೆ ಗೆರೆ ಎಳೆದೆ. ಎರಡು ಗೆರೆ!

ರೇಸಿನ ಹಿಂದಿನ ದಿನ ಹೊಲದಲ್ಲಿ ಸುಣ್ಣದ ಪುಡಿಯಿಂದ ಹನ್ನೊಂದು ಚೌಕ ಬರೆದು ಅಂಕಿ ಹಾಕಿ ಬಂದಿದ್ದೆ. ಮರುದಿನ ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿದರೆ ಒಂದು ಕಾರೂ ಬಂದಿಲ್ಲ. ಆದರೆ ಒಂದನೇ ಚೌಕದಲ್ಲಿ ಟವೆಲುಗಳ ಗುಡ್ಡೆ! ಕೆಂಪು, ಹಳದಿ, ಬಿಳಿ, ಅಂಚಿನದು, ಹರಿದದ್ದು. ಎಣಿಸಿದೆ, ಹತ್ತು. ಬಸ್ಸಿನ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿಯುವ ನಮ್ಮ ಜನ ರೇಸಿಗೂ ಅದನ್ನೇ ಮಾಡಿದ್ದರು. ಟವೆಲು ಹಾಕಿದ ಸೀಟಿನಲ್ಲಿ ಕುಳಿತವನನ್ನು ನಮ್ಮ ಕಡೆ ಯಾರೂ ಕ್ಷಮಿಸುವುದಿಲ್ಲ. ಒಬ್ಬರ ಟವೆಲನ್ನು ಇನ್ನೊಬ್ಬರು ಎತ್ತುವುದೂ ಇಲ್ಲ. ಆದ್ದರಿಂದ ಬಂದವರೆಲ್ಲ ಇದ್ದುದರ ಮೇಲೆ ತಮ್ಮದನ್ನು ಹಾಸಿ ಹೋಗಿದ್ದರು.

ಏಳು ಗಂಟೆಗೆ ಎಲ್ಲರೂ ಬಂದರು, ತಕರಾರೂ ಬಂತು. "ನನ್ನ ಟವೆಲ್ ಮೊದಲು!" "ನಂದು ಮೊದಲು!" ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಮೊದಲು ಬಂದವನ ಟವೆಲು ಎಲ್ಲಕ್ಕಿಂತ ಕೆಳಗೆ ಇರಲೇಬೇಕಲ್ಲ! ಗುಡ್ಡೆಯನ್ನು ಹಾಗೆಯೇ ತಲೆಕೆಳಗು ಮಾಡಿ, ಮೇಲಿನಿಂದ ಒಂದೊಂದೇ ಎತ್ತಿ ಹಿಡಿದು ಹೆಸರು ಕೂಗಿದೆ. ಮೊದಲನೆಯದು ಗೌಡರದು. ಹೊಲ ಅವರದೇ, ಹಿಂದಿನ ದಿನ ನಾನು ಬೆನ್ನು ತಿರುಗಿಸಿದ ಕೂಡಲೇ ಹಾಸಿದ್ದರಂತೆ. ಹಿಂದಿನ ಜಾಗ ಬೇಕೆಂದು ಕೂಗಾಡಿದವರು ಮುಂದಿನದಕ್ಕೆ ಎಲ್ಲರಿಗಿಂತ ಮೊದಲು ಟವೆಲು ಹಾಕಿದ್ದರು! ತಕರಾರು ಅಲ್ಲಿಗೆ ಮುಗಿಯಿತು. ಹತ್ತು ಕಾರುಗಳು ಹತ್ತು ಚೌಕದಲ್ಲಿ ನಿಂತವು, ಹನ್ನೊಂದನೆಯದು ಮಹಾದೇವಿಯದು. "ಸರ್, ನಿಮ್ಮ ದಿಮಾಕಿಗೆ ಸಲಾಂ" ಎಂದ ಖಾದರ್ ಭಾಯಿ. ನಾನು ಎದೆಯನ್ನು ಎರಡು ಇಂಚು ಮುಂದೆ ತಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ.

ಆದರೆ ನನಗೆ ಧೂಳಿನ ಚಿಂತೆ ಹತ್ತಿತು. ಮುಂದಿನ ಕಾರಿನ ಧೂಳಿಗೆ ಹಿಂದಿನವರಿಗೆ ದಾರಿ ಕಾಣದಿದ್ದರೆ? ಹಿಂದೆ ಇರುವವಳು ನನ್ನ ಹೆಂಡತಿ! ಮುಂಜಾಗ್ರತಾ ಕ್ರಮವಾಗಿ ನೀರಿನ ಟ್ಯಾಂಕರ್ ತರಿಸಿದ್ದೆ. ಕಾರುಗಳ ಮುಂದೆ, ಹಿಂದೆ, ನಡುವೆ ಧಾರಾಳವಾಗಿ ನೀರು ಹೊಡೆಸತೊಡಗಿದೆ. ಮಹಾದೇವಿ ಕಾರಿನಿಂದ ಇಳಿದು ಓಡಿ ಬಂದಳು.

"ರೀ, ಏನು ಮಾಡಾಕತ್ತೀರಿ? ಇದು ಎರಿ ಹೊಲ! ನೀರು ಬಿದ್ರ ಈ ಮಣ್ಣು ಕಾಲು ಬಿಡಂಗಿಲ್ಲ."

"ಇಪ್ಪತ್ತೆರಡು ವರ್ಷ ಆತು, ಗ್ರೌಂಡಿಗೆ ನೀರು ಹೊಡಸ್ಕೊಂತ ಬಂದೀನಿ. ನನಗ ಹೇಳ್ತೀಯೇನು?"

"ಅದು ಗರಸು ಮಣ್ಣಿನ ಗ್ರೌಂಡ್ ರೀ, ನೀರು ಇಂಗತೈತಿ!"

"ನಿಯಮ ಒಂಬತ್ತು" ಎಂದೆ ನಾನು.

ಅವಳು ಸರಕ್ಕನೆ ತಿರುಗಿದಳು. ಹೋಗಿ ಕಾರಿನ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಟ್ಯಾಂಕರ್ ಮತ್ತೊಂದು ಸಲ ತುಂಬಿಕೊಂಡು ಬಂತು.

ಆಮೇಲೆ ಪೂಜೆ. ಪೂಜೆ ಇಲ್ಲದೆ ನಮ್ಮಲ್ಲಿ ಸೈಕಲ್ಲೂ ಹೊರಡುವುದಿಲ್ಲ. ಕಾರಿಗೆ ನಾಲ್ಕರಂತೆ ಗಾಲಿಗಳ ಮುಂದೆ ಲಿಂಬೆಹಣ್ಣು, ಕುಂಕುಮ, ಊದಿನಕಡ್ಡಿ, ಹನ್ನೊಂದು ತೆಂಗಿನಕಾಯಿ. ಮುಕ್ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ಕಾರುಗಳು ಒದ್ದೆ ಮಣ್ಣಿನಲ್ಲಿ ನಿಂತಿದ್ದವು. ಲಿಂಬೆಹಣ್ಣುಗಳು ಒಂದೊಂದಾಗಿ ಕಾಣದಾಗುತ್ತಿದ್ದುದನ್ನು ನಾನು ಗಮನಿಸಿದೆ. ಯಾರೋ ಶರಬತ್ತಿಗೆ ಒಯ್ಯುತ್ತಿರಬೇಕು ಎಂದುಕೊಂಡೆ!

ಟ್ರ್ಯಾಕ್ಟರಿನ ಹುಸೇನಪ್ಪ ಮಿತಭಾಷಿ. ಎಂಜಿನ್ ಶುರು ಮಾಡಿ ಕುಳಿತಿದ್ದ. ನಾನು ಟ್ರೇಲರ್ ಹತ್ತಿ, ಬಲಗೈಯಲ್ಲಿ ಹಸಿರು ಧ್ವಜ, ಎಡಗೈಯಲ್ಲಿ ಕೆಂಪು ಧ್ವಜ ಹಿಡಿದು, ಮುಂದಕ್ಕೆ ಮುಖ ಮಾಡಿ ನಿಂತು ಸೀಟಿ ಊದಿದೆ. ಹಿಂದಿನಿಂದ ಹನ್ನೊಂದು ಎಂಜಿನ್‌ಗಳ ಆರ್ಭಟ ಕೇಳಿಸಿತು. ಟ್ರ್ಯಾಕ್ಟರ್ ತನ್ನ ದೊಡ್ಡ ಗಾಲಿಗಳ ಮೇಲೆ ಗಂಭೀರವಾಗಿ ಹೊರಟಿತು. ಅಧಿಕಾರಿಯಾದವನು ಪದೇ ಪದೇ ಹಿಂದೆ ತಿರುಗಿ ನೋಡಿದರೆ ಶೋಭೆಯಲ್ಲವೆಂದು ನಾನು ತಿರುಗಲಿಲ್ಲ. ಬದುವಿನ ಮೇಲಿದ್ದ ಜನ ಎರಡೂ ಕೈ ಎತ್ತಿ ಬೀಸುತ್ತಾ ಕೂಗುತ್ತಿದ್ದರು. ಎಷ್ಟು ಪ್ರೀತಿ! ನಾನೂ ಧ್ವಜ ಬೀಸಿದೆ. ಅವರು ಇನ್ನೂ ಜೋರಾಗಿ ಕೂಗಿದರು. ನಾನು ಬಗ್ಗಿ ನಮಸ್ಕಾರ ಮಾಡಿದೆ.

ಹುಸೇನಪ್ಪ ಒಮ್ಮೆ ಹಿಂದೆ ಹೊರಳಿ ನೋಡಿದ. "ಸರ್, ಹಿಂದ..."

"ಮುಂದ ನೋಡಿ ಹೊಡಿಯಪ್ಪ!" ಎಂದೆ. ಅವನು ಮುಂದೆ ನೋಡಿ ಹೊಡೆದ.

ಮೂರು ತಿರುವು ದಾಟಿದೆವು. ನಾಲ್ಕನೆಯದನ್ನು ದಾಟಿದರೆ ಏನು ನೋಡುತ್ತೇನೆ? ನನ್ನ ಮುಂದೆ ಹನ್ನೊಂದು ಕಾರುಗಳ ಬೆನ್ನು! ಎಲ್ಲರೂ ನನ್ನನ್ನು ಹಿಂದೆ ಹಾಕಿದ್ದಾರೆ! ನಿಯಮ ಹದಿನೈದು! ಎರಡು ಗೆರೆ ಎಳೆದ ನಿಯಮ! ನನ್ನ ಮೈಯೆಲ್ಲ ಉರಿಯಿತು. ಕೆಂಪು ಧ್ವಜ ಎತ್ತಿ, ಉಸಿರು ಕಟ್ಟುವ ತನಕ ಸೀಟಿ ಊದಿ, ಟ್ರ್ಯಾಕ್ಟರ್ ನಿಲ್ಲಿಸಿ ಕೆಳಗೆ ಹಾರಿದೆ. "ಹನ್ನೊಂದೂ ಕಾರು ಅನರ್ಹ! ಒಬ್ಬರನ್ನೂ ಬಿಡಂಗಿಲ್ಲ!" ಎಂದು ಕೂಗುತ್ತಾ ನಾಲ್ಕು ಹೆಜ್ಜೆ ಓಡಿದೆ. ಐದನೆಯ ಹೆಜ್ಜೆಗೆ ಕಾಲು ಬಂತು, ಬೂಟು ಬರಲಿಲ್ಲ.

ಎಲ್ಲರಿಗಿಂತ ಮುಂದಿದ್ದ ಅಂಬಾಸಿಡರಿನಿಂದ ಗೌಡರು ತಲೆ ಹೊರಗೆ ಹಾಕಿದರು. "ಮಾಸ್ತರ್, ನೀವು ನಿಂದ್ರಿಸಿದ ಜಾಗದಿಂದ ನಾವು ಒಂದು ಗೇಣು ಸರಿದಿದ್ರ ನಮ್ಮ ಹೆಸರು ಹೊಡದು ಹಾಕ್ರಿ!"

"ಮತ್ತ ನನ್ನ ಮುಂದ ಹ್ಯಾಂಗ ಬಂದ್ರಿ?"

ಉತ್ತರ ಕೊಟ್ಟವಳು ಕೊನೆಯ ಕಾರಿನಲ್ಲಿದ್ದ ಮಹಾದೇವಿ. ತಣ್ಣಗೆ ಹೇಳಿದಳು. "ಅವರು ಎಲ್ಲೂ ಬಂದಿಲ್ರಿ. ನೀವ ಒಬ್ರ ಸುತ್ತು ಹೊಡಕೊಂಡು ಹಿಂದಿಂದ ಬಂದೀರಿ."

ನೋಡಿದೆ. ಗಾಲಿಗಳು ಅರ್ಧ ಮಟ್ಟ ಹೂತುಹೋಗಿದ್ದವು. ತಿರುಗಿ ತಿರುಗಿ ಕರಿ ಮಣ್ಣು ಮೆತ್ತಿಕೊಂಡು ಒಂದೊಂದು ಗಾಲಿಯೂ ಹಂಡೆಯಂತಾಗಿತ್ತು. ಬದುವಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಖಾದರ್ ಭಾಯಿ ಮಾತ್ರ ನಗಲಿಲ್ಲ. ಕಣಿಕೆಯ ಸಿವುಡಿನ ಮೇಲೆ ತಲೆಗೆ ಕೈಹೊತ್ತು ಕುಳಿತುಬಿಟ್ಟಿದ್ದ. ಮಹಾದೇವಿ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೆಲ್ಮೆಟ್ಟು ಹಾಕಿಕೊಂಡೇ, ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ಸುಮ್ಮನೆ ಮುಂದೆ ನೋಡುತ್ತಾ ಕುಳಿತಿದ್ದಳು. ಒಂದು ವರ್ಷ ಕಾದವಳು. ನನಗೆ ನಿಜವಾಗಿಯೂ ಬಹಳ ಕೆಟ್ಟದೆನಿಸಿತು. ಒಂದು ಬೂಟಿನಲ್ಲಿ ನಿಂತವನಿಗೆ ದುಃಖಪಡಲೂ ಒಂದು ಠೀವಿ ಇರುವುದಿಲ್ಲ ನೋಡಿ.

ಆಗ ಹುಸೇನಪ್ಪ ಆ ದಿನದ ಎರಡನೆಯ ಮಾತಾಡಿದ. "ಹಗ್ಗ ಐತ್ರಿ."

ಅವನು ಟ್ರೇಲರ್ ಬಿಚ್ಚಿದ. ನಾವು ಹಿಂದಿನಿಂದ ಬಂದಿದ್ದೆವಲ್ಲ, ಕೈಗೆ ಮೊದಲು ಸಿಗುವುದೇ ಕೊನೆಯ ಕಾರು. ಅದರ ಹಿಂಬದಿಗೆ ಹಗ್ಗ ಕಟ್ಟಿ ಒಣ ನೆಲಕ್ಕೆ ಎಳೆದುಬಿಟ್ಟ. ಖಾದರ್ ಭಾಯಿ ಗಾಲಿಯ ಮಣ್ಣು ಕೆರೆದ. ಎಂಜಿನ್ ಶುರುವಾಯಿತು. ಮಹಾದೇವಿ ಕಿಟಕಿಯಿಂದ ಕೇಳಿದಳು, "ಹೋಗಲೇನ್ರಿ?"

"ತಕರಾರು!" ಎಂದು ಅತ್ತ ಕೆಸರಿನಿಂದ ಗೌಡರು ಕಿರುಚಿದರು. "ಇದಕ್ಕಂತನ ಹಿಂದ ನಿಂತಿದ್ರು ನೋಡ್ರಿ! ಹಿಂದ ಲಾಭ ಐತಿ ಅಂತ ಅವತ್ತ ಹೇಳಿದ್ದೆ ನಾನು!"

ನಾನು ಯಾವ ನಿಯಮ ಅನ್ವಯಿಸುತ್ತದೆ ಎಂದು ಯೋಚಿಸುತ್ತಿರುವಾಗ ಖಾದರ್ ಭಾಯಿ ಎದ್ದು ನಿಂತ. ಅವನ ಮುಖಕ್ಕೆ ಕಳೆ ಬಂದಿತ್ತು. "ಗೌಡ್ರ, ಯಾರಿಗೂ ಲಾಭ ಇಲ್ಲ. ಹಗ್ಗ ಬಿಚ್ಚಿದ ಟೈಮ್ ಬರಕೊಳ್ಳೋಣು. ಯಾರ ಹಗ್ಗ ಯಾವಾಗ ಬಿಚ್ಚತದೋ ಅಲ್ಲಿಂದ ಅವರವರ ನಾಕು ತಾಸು. ಬ್ಯಾರೆ ಬ್ಯಾರೆ ಬಿಟ್ರ ಡಿಕ್ಕಿನೂ ಇಲ್ಲ, ಜಗಳನೂ ಇಲ್ಲ. ಕಬೂಲ್?"

ಗೌಡರು ಕೆಸರನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದರು. "ಕಬೂಲ್" ಎಂದರು.

ಜನರೆಲ್ಲ ಸೇರಿ ಸಿವುಡುಗಳನ್ನು ಸರಿಸಿ, ನಾನು ಮಾಡಿದ ಕೆರೆಯ ಪಕ್ಕದಲ್ಲಿ ಒಣ ದಾರಿ ಮಾಡಿದರು. ಹುಸೇನಪ್ಪ ಒಂದೊಂದೇ ಕಾರನ್ನು ಎಳೆದ, ಖಾದರ್ ಭಾಯಿ ಮಣ್ಣು ಕೆರೆದ, ನಾನು ಟೈಮು ಬರೆದುಕೊಂಡೆ. ಐದೈದು ನಿಮಿಷಕ್ಕೆ ಒಂದು ಕಾರು ಹೊರಟಿತು. ನೂಕಿಲ್ಲ, ನುಗ್ಗಿಲ್ಲ, ಮೊದಲ ತಿರುವಿನಲ್ಲಿ ಯಾವಾಗ ನೋಡಿದರೂ ಒಂದೇ ಕಾರು. ಎಲ್ಲರಿಗಿಂತ ಮೊದಲು ಟವೆಲು ಹಾಕಿದ ಗೌಡರು ಎಲ್ಲರಿಗಿಂತ ಕೊನೆಗೆ ಹೊರಟರು. ನ್ಯಾಯವಾದ, ಸುರಕ್ಷಿತವಾದ ಸ್ಟಾರ್ಟಿಂಗ್ ಎಂದರೆ ಇದೇ ಎಂದು ಆಮೇಲೆ ಎಲ್ಲರೂ ಹೊಗಳಿದರು. ಹುಸೇನಪ್ಪನನ್ನು!

ಮಹಾದೇವಿ ಓಡಿಸುವುದನ್ನು ಅಂದು ನಾನು ಮೊದಲ ಸಲ ಹೊರಗಿನಿಂದ ನೋಡಿದೆ. ತಿರುವಿನಲ್ಲಿ ಅವಸರವಿಲ್ಲ, ಅಂಜಿಕೆಯಿಲ್ಲ. ಎರಡು ತಾಸಾದ ಮೇಲೆ ನಾಗರತ್ನ ಕುಳಿತಳು. ನಡುವೆ ಒಮ್ಮೆ ಹೋದ ಪ್ಲಗ್ಗನ್ನು ಅಕ್ಕತಂಗಿಯರು ನಾನು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಬದಲಿಸಿದರು. ನಾಲ್ಕು ಕಾರುಗಳು ಹೊಗೆ ಬಿಟ್ಟು ನಿಂತವು, ಏಳು ಕೊನೆಯವರೆಗೆ ಓಡಿದವು. ಮಹಾದೇವಿ ನಾಲ್ಕನೆಯವಳು. ಲೆಕ್ಕ ಕೇಳಿದಾಗ ಅವಳ ಮುಖದಲ್ಲಿ ಮಣ್ಣು ಬಿಟ್ಟರೆ ಉಳಿದದ್ದೆಲ್ಲ ನಗು.

ಗೆದ್ದವರು ಗೌಡರು. ಕೊನೆಗೆ ಹೊರಟವರಲ್ಲವೇ, ಉಳಿದವರೆಲ್ಲ ಮುಗಿಸಿ ಲೆಕ್ಕ ಗೊತ್ತಾದ ಮೇಲೂ ಅವರಿಗೆ ಐದು ನಿಮಿಷ ಉಳಿದಿತ್ತು. ಬೇಕಾದದ್ದು ಇನ್ನೂ ಎರಡು ಸುತ್ತು. ಎರಡನೆಯ ಪಾಳಿಯಲ್ಲಿದ್ದ ಅವರ ಜೋಡಿ ಡ್ರೈವರು ಮೂರು ಹೊಡೆದ. ಶಾಲು ಹೊದ್ದು, ಕೊಡ ಹಿಡಿದು, ನನ್ನ ಭುಜ ತಟ್ಟಿದರು. "ಹಿಂದ ಲಾಭ ಐತಿ ಅಂತ ನಾ ಹೇಳಿರಲಿಲ್ಲೇನು ಮಾಸ್ತರ್? ಯಾವ ಕಾರಿಗೂ ಒಂದು ಗೀರು ಇಲ್ಲ. ಮುಂದಿನ ವರ್ಷನೂ ಹೊಲ ನಿಮ್ಮದ!" ಖಾದರ್ ಭಾಯಿ ಹುಸೇನಪ್ಪನನ್ನು ತಬ್ಬಿಕೊಂಡ. ಅಲ್ಲಿಯೇ ಎರಡು ಠರಾವು ಪಾಸಾದವು. ಮುಂದಿನ ವರ್ಷದಿಂದ ಸ್ಟಾರ್ಟಿಂಗಿನ ಸಂಪೂರ್ಣ ಅಧಿಕಾರ ಹುಸೇನಪ್ಪನಿಗೆ. ಮಾಸ್ತರರು ನೀರಿನ ಟ್ಯಾಂಕರಿನಿಂದ ನೂರು ಮೀಟರ್ ದೂರದಲ್ಲಿರತಕ್ಕದ್ದು. ಎರಡನ್ನೂ ಬರೆದುಕೊಂಡವನು ನಾನೇ. ನನ್ನ ಅಕ್ಷರ ಚೆನ್ನಾಗಿದೆ.

ಸಂಜೆ ಊರಿಗೆ ಹೊರಡಬೇಕೆಂದರೆ ನಮ್ಮ ಕಾರು ಉಸಿರೆತ್ತಲಿಲ್ಲ. "ಬ್ಯಾಟರಿ ಕುಂತೈತಿ. ಸ್ವಲ್ಪ ದೂಡ್ರಿ" ಎಂದಳು ಮಹಾದೇವಿ. ದೂಡಿದೆ. ಕಾರು ಕೆಮ್ಮಿ, ಗುರ್ ಎಂದು ಹೊರಟಿತು. ನಿಲ್ಲಿಸಿದರೆ ಮತ್ತೆ ಆರಿಬಿಡುತ್ತದೆಂದು ಅವಳು ನಿಲ್ಲಿಸಲೇ ಇಲ್ಲ. "ಡಾಂಬರ್ ರಸ್ತಾದಾಗ ನಿಂದರ್ತೀನಿ, ಓಡಿ ಬರ್ರಿ!" ಎಂಬ ಕೂಗು ಮಾತ್ರ ಹಿಂದೆ ತೇಲಿ ಬಂತು.

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಎರಡು ಸೇರು ಎರೆ ಮಣ್ಣು, ಕೊರಳಲ್ಲಿ ಕುಣಿಯುವ ಸೀಟಿ. ಗಾಡಿದಾರಿಯಲ್ಲಿ ನಾನು ಓಡತೊಡಗಿದೆ. ಹಿಂದಿನಿಂದ ಡಗಡಗ ಸದ್ದು ಬಂತು. ಹುಸೇನಪ್ಪನ ಟ್ರ್ಯಾಕ್ಟರು. ಅವನು ಪಕ್ಕಕ್ಕೆ ಬಂದು, ನನ್ನನ್ನು ನೋಡಿ, ಬಗ್ಗಿ ನಮಸ್ಕಾರ ಮಾಡಿ, ಮುಂದೆ ನೋಡಿ ಹೊಡೆದ. ನಾನು ಎಷ್ಟು ಓಡಿದರೂ ಅದು ಮುಂದೆ ಮುಂದೆಯೇ ಹೋಯಿತು.

ಹದಿನೈದನೆಯ ನಿಯಮವನ್ನು ಆ ದಿನ ಚಾಚೂ ತಪ್ಪದೆ ಪಾಲಿಸಿದವನು ನಾನೊಬ್ಬನೇ.